ನಾಯಿಪ್ರೇಮಿ ದಫೇದಾರರ ಬೆಕ್ಕುಗಳು

ಕಳೆದ ವಾರ ನ್ಯಾಮತಿಯಿಂದ ಚನ್ನಗಿರಿಗೆ ಜವಳಿ ತೆಗೆಯಲು ಬಂದಿದ್ದ ಪರಿಚಯದವರೊಬ್ಬರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಾ, "ನಿಮ್ಮ ದಫೇದಾರ್ರು ಹೋಗಿಬಿಟ್ರು ಬಾಷಾ ಸಾಬ್ರೆ" ಎಂದರು. ಕತ್ತರಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟೆ. ಹೇಗೆ ಎಂದು ಕೇಳಿದೆ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಕಾಯಿಲೆ ಕಸಾಲೆ ಏನೂ ಇರಲಿಲ್ಲವಂತೆ. "ಆದ್ರೆ ಸ್ನಾನ ಮಾಡ್ಸಾಕೆ ಅಂತ ಎತ್ತಾಕೆ ಹೋದ್ರೆ, ಎದಿ ಮ್ಯಾಲೆ ಕುಂತಿದ್ದ ಬೆಕ್ಕು ಇಳಿಯಾಕೇ ಒಪ್ಪಲಿಲ್ಲ ನೋಡ್ರಿ. ಅದನ್ನ ಬಿಡ್ಸಾಕೆ ಮೂರು ಜನ ಬೇಕಾತು." ಅಳಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು. ನಗುತ್ತಾ ನಗುತ್ತಾ ಕಣ್ಣೀರು ಬಂತು. ಬಂದವರು ಚೊಂಬು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

ಹಳೆಯ ಕತೆ ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಕಂಡ ಮಟ್ಟಿಗೆ ಈ ಸೀಮೆಯಲ್ಲೆಲ್ಲಾ ತಾನೊಬ್ಬ ನಾಯಿಪ್ರೇಮಿ ಎಂದು ಡಂಗುರ ಹೊಡೆದುಕೊಂಡು ತಿರುಗಿದ ಒಬ್ಬನೇ ಮನುಷ್ಯ ಎಂದರೆ ನಮ್ಮ ದಫೇದಾರರು. ಅವರ ಹೆಸರು ಬರೆಯುವುದಿಲ್ಲ. ಅವರ ಇಬ್ಬರು ಹೆಣ್ಣುಮಕ್ಕಳನ್ನು ಕೊಟ್ಟದ್ದು ಇದೇ ಸುತ್ತಿನಲ್ಲಿ, ಅಳಿಯಂದಿರು ಇಬ್ಬರೂ ಮುಂಗೋಪಿಗಳು. ಪೊಲೀಸಿನಲ್ಲಿದ್ದು ನಿವೃತ್ತರಾದವರು, ಊರೆಲ್ಲ ಅವರನ್ನು ದಫೇದಾರರೆಂದೇ ಕರೆಯುತ್ತಿತ್ತು, ಅಷ್ಟು ಸಾಕು.

ನಾನು ನ್ಯಾಮತಿಗೆ ಹೋದಾಗ ಎರಡನೆಯ ಯುದ್ಧ ಇನ್ನೂ ಶುರುವಾಗಿರಲಿಲ್ಲ. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ. ಜತೆಗಿದ್ದದ್ದು ಒಂದು ಹೊಲಿಗೆ ಮಿಷನ್ನು ಮತ್ತು ನಮ್ಮಮ್ಮ. ಮಿಷನ್ನು ಹಾಕಿಕೊಳ್ಳಲು ಜಾಗ ಹುಡುಕುತ್ತಾ ಪೇಟೆಯ ಹಿಂದಿನ ಕೇರಿಗೆ ಬಂದರೆ, ಅಗಲವಾದ ಒಂದು ಜಗಲಿಯ ಮೇಲೆ ಅಷ್ಟೇ ಅಗಲವಾದ ಮೀಸೆಯೊಂದು ಕೂತಿತ್ತು. ಮೀಸೆಯ ಹಿಂದೆ ಮನುಷ್ಯರೂ ಇದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಎಡಗಡೆಯ ತುದಿ ಎಡಗಿವಿಯನ್ನೂ ಬಲಗಡೆಯ ತುದಿ ಬಲಗಿವಿಯನ್ನೂ ವಿಚಾರಿಸಿಕೊಳ್ಳುವಷ್ಟು ಬೆಳೆದಿತ್ತು. ನಾನು ಸಲಾಮು ಮಾಡಿ ಜಾಗದ ವಿಷಯ ಕೇಳಿದೆ.

"ನಾಯಿ ಕಂಡ್ರೆ ಹೆಂಗೆ ನಿಂಗೆ?" ಎಂದರು.

ನಮ್ಮ ಮನೆಗಳಲ್ಲಿ ನಾಯಿಗೆ ಹೊಸ್ತಿಲೊಳಗೆ ಪ್ರವೇಶವಿಲ್ಲ. ಹಾಗೆಂದು ಹೇಳಿದರೆ ಜಗಲಿ ಹೋಗುತ್ತದೆ. "ದೂರದಿಂದ ಭಾಳ ಇಷ್ಟ ಸಾಹೇಬ್ರೆ" ಎಂದೆ.

"ಹಂಗಾದ್ರೆ ಆ ಮೂಲ್ಯಾಗೆ ಹಾಕ್ಕೊ ಮಿಷನ್ನು" ಎಂದರು. ಬಾಡಿಗೆಯ ಮಾತೇ ಎತ್ತಲಿಲ್ಲ. ನಾನು ಅಲ್ಲಾಹನ ಕರುಣೆ ಎಂದುಕೊಂಡೆ. ಬಾಡಿಗೆ ಏನೆಂಬುದು ಮರುದಿನದಿಂದ ತಿಳಿಯಿತು. ಬೆಳಗಿನಿಂದ ಸಂಜೆಯವರೆಗೂ ಅವರು ಹೇಳುವ ನಾಯಿಯ ಕತೆಗಳನ್ನು ಕೇಳಬೇಕಾಗಿತ್ತು.

ಚನ್ನಗಿರಿ ಠಾಣೆಯಲ್ಲಿದ್ದಾಗ ಅವರ ಬಳಿ ಇದ್ದ ನಾಯಿ ಹದಿನಾರು ಜನರನ್ನು ಸಾಲಾಗಿ ನಿಲ್ಲಿಸಿದರೆ ಕಳ್ಳನ ಮುಂದೆ ಮಾತ್ರ ಕೂತು ಬಾಲ ಅಲ್ಲಾಡಿಸುತ್ತಿತ್ತಂತೆ. ಹೊನ್ನಾಳಿಯಲ್ಲಿ ಹೊಳೆ ತುಂಬಿ ಹರಿಯುವಾಗ ಆಚೆ ದಡಕ್ಕೆ ಈಜಿ ಹೋಗಿ ಒಬ್ಬ ಆಸಾಮಿಯನ್ನು ಪಂಚೆ ಕಚ್ಚಿ ಎಳೆದು ತಂದಿತಂತೆ. ಉಬ್ರಾಣಿಯ ಕಾಡಿನಲ್ಲಿ ಚಿರತೆಯೊಂದು ಇದನ್ನು ನೋಡಿ ದಾರಿ ಬಿಟ್ಟಿತಂತೆ. ಕೈಯಲ್ಲಿ ಗುಂಡಿ ಹೊಲಿಯುತ್ತಿದ್ದರೂ ಕಿವಿ ನನ್ನದೇ ಅಲ್ಲವೇ? ಚನ್ನಗಿರಿಯಲ್ಲಿ ಕಪ್ಪಗಿದ್ದ ನಾಯಿ ಹೊನ್ನಾಳಿ ಮುಟ್ಟುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು, ಉಬ್ರಾಣಿಯಲ್ಲಿ ಅದಕ್ಕೆ ಮೈತುಂಬಾ ಚುಕ್ಕೆ ಇದ್ದವು. ಒಮ್ಮೆ ತಡೆಯಲಾರದೆ ಕೇಳಿಯೂ ಕೇಳಿದೆ. "ಊರಿಂದ ಊರಿಗೆ ನೀರು ಬದಲಾಗ್ತೈತೆ ಬಾಷಾ, ಮೈಬಣ್ಣ ಬದಲಾಗಾಕಿಲ್ಲೇನು?" ಎಂದು ಮೀಸೆ ತಿರುವಿದರು. ಆಮೇಲೆ ನಾನು ಬಣ್ಣದ ತಂಟೆಗೆ ಹೋಗಲಿಲ್ಲ.

ಒಳಗಿನ ನಿಜ ಹೇಳಿದವರು ಅವರ ಮನೆಯವರು, ನಾನು ಅಕ್ಕ ಎಂದು ಕರೆಯುತ್ತಿದ್ದವರು. ಜಗಳೂರು ಅವರ ತವರು. ಮಾತು ಕಡಿಮೆ, ಆದರೆ ಆಡಿದ ಮಾತು ನೆಟ್ಟಗೆ ಹೋಗಿ ನಾಟುತ್ತಿತ್ತು. ದಫೇದಾರರು ಸಂತೆಗೆ ಹೋದ ಒಂದು ದಿನ ನನಗೆ ಮಜ್ಜಿಗೆ ಕೊಡುತ್ತಾ ಹೇಳಿದರು: "ಇವರ ಕೈ ಹಿಡಿದು ಮೂವತ್ತೆಂಟು ವರ್ಷ ಆತು. ನಮ್ಮ ಮನ್ಯಾಗೆ ಒಂದು ನಾಯಿ ಇದ್ದದ್ದು ನಾ ಕಂಡಿಲ್ಲ ಬಾಷಾ. ಬೀದ್ಯಾಗೆ ನಾಯಿ ಬಂದ್ರೆ ಮೊದಲು ಜಗಲಿ ಹತ್ತೋರು ಇವರೇ."

ಹಾಗಿದ್ದರೆ ಈ ಪ್ರೀತಿ ಬಂದದ್ದೆಲ್ಲಿಂದ? ಅದನ್ನೂ ಅಕ್ಕನೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಮೇಲಿನ ಸಾಹೇಬರ ಬಂಗಲೆಯಲ್ಲಿ ಎರಡು ವರ್ಷ ಇವರಿಗೆ ಆರ್ಡರ್ಲಿ ಕೆಲಸ. ಸಾಹೇಬರ ಎತ್ತರದ ನಾಯಿಯನ್ನು ದಿನಾ ಸಂಜೆ ತಿರುಗಾಡಿಸಿಕೊಂಡು ಬರಬೇಕು. ಆ ನಾಯಿಯ ಹಿಂದೆ ಹೋಗುವಾಗ ಅಂಗಡಿಯವರು ಎದ್ದು ನಿಲ್ಲುತ್ತಿದ್ದರಂತೆ. ಇಪ್ಪತ್ತು ವರ್ಷದ ಬಡ ಕಾನ್‌ಸ್ಟೇಬಲ್ಲಿಗೆ ಅದು ತಲೆಗೆ ಹತ್ತಿತು. ಮೀಸೆ ಬಿಡಲು ಶುರುಮಾಡಿದ್ದೂ ಆಗಲೇ. ಈಗ ಕೆಲಸವಿಲ್ಲ, ಲಾಠಿಯಿಲ್ಲ, ಬೆಲ್ಟಿಲ್ಲ. ಊರಿನವರು ಇವರನ್ನು ಕಂಡರೆ ತುಸು ತಗ್ಗಿ ನಡೆಯುತ್ತಿದ್ದದ್ದು ಆ ಮೀಸೆಗೆ ಮತ್ತು ನಾಯಿಯ ಕತೆಗಳಿಗೆ. ಅವೆರಡೂ ಹೋದರೆ ತಾನು ಬರೀ ಒಬ್ಬ ಮುದುಕ ಎಂಬ ಹೆದರಿಕೆ ಅವರಿಗಿತ್ತು. ಇದು ತಿಳಿದ ಮೇಲೆ ಅವರ ಕತೆಗಳನ್ನು ನಾನು ಬೇರೆ ಕಿವಿಯಿಂದ ಕೇಳತೊಡಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಳಗೊಳಗೇ ಇನ್ನೂ ಹೆಚ್ಚು ನಗುತ್ತಿದ್ದೆ.

ಬೆಕ್ಕುಗಳೆಂದರೆ ಅವರಿಗೆ ಮೈಯೆಲ್ಲ ಉರಿ. "ಅದು ಕಳ್ಳ ಜಾತಿ ಬಾಷಾ. ನಡಿಗೆ ನೋಡು, ಸಪ್ಪಳ ಐತಾ? ಮರ್ಯಾದಸ್ಥರು ಸಪ್ಪಳ ಮಾಡ್ಕೊಂಡು ನಡೀತಾರೆ." ನಮ್ಮ ಕೇರಿಯಲ್ಲಿ ಮೋಟು ಬಾಲದ ಒಂದು ಬೀದಿ ಬೆಕ್ಕಿತ್ತು. ಅದಕ್ಕೆ ಅವರಿಟ್ಟ ಹೆಸರು ಕೇಡಿ. ನಮ್ಮಮ್ಮ ಬೆಕ್ಕು ಮೂತಿಯಿಟ್ಟ ಹಾಲನ್ನು ಚೆಲ್ಲಿದವಳಲ್ಲ, ದಿನಾ ಒಂದು ಚಿಪ್ಪಿನಲ್ಲಿ ಅದಕ್ಕೂ ಪಾಲು ಹಾಕುತ್ತಿದ್ದಳು. ಅದನ್ನು ಕಂಡರೆ ದಫೇದಾರರು, "ನಿಮ್ಮಮ್ಮ ಆಸಾಮಿಗೆ ಆಶ್ರಯ ಕೊಡ್ತಾಳೆ, ಒಂದಿನ ಆಕೀ ಮ್ಯಾಲೂ ಕೇಸು ಆಗ್ತೈತೆ" ಎಂದು ಗೊಣಗುತ್ತಿದ್ದರು.

ಎದುರು ಮನೆ ಮಂಡಕ್ಕಿ ಅಂಗಡಿ ಶೆಟ್ಟರದು. ಒಂದು ದಿನ ಕೇಡಿ ಅವರ ಅಡುಗೆಮನೆಗೆ ನುಗ್ಗಿ ಹಾಲಿನ ಪಾತ್ರೆ ಉರುಳಿಸಿತು. ಶೆಟ್ಟರು ನನ್ನ ಮಿಷನ್ನಿನ ಪಕ್ಕ ಬಂದು ಕೂತು ಗೋಳು ತೋಡಿಕೊಂಡರು. ಕೇರಿಯ ನಾಲ್ಕಾರು ಜನ ಸೇರಿದರು. ಜನ ಸೇರಿದರೆ ದಫೇದಾರರಿಗೆ ಹುಮ್ಮಸ್ಸು. ಎದ್ದು ನಿಂತು, ಮೀಸೆಯ ಎರಡೂ ತುದಿ ಹಿಡಿದುಕೊಂಡು ಹೇಳಿದರು:

"ಎಲ್ರೂ ಕೇಳ್ರಿ. ಈ ಮೀಸೆ ಮ್ಯಾಲೆ ಆಣೆ. ನನ್ನ ಮನ್ಯಾಗೆ ಬೆಕ್ಕು ಸಾಕಿದ ದಿನ ಇದನ್ನ ತೆಗೆದು ಈ ಕೇರಿ ನಡುವೆ ನಿಂತ್ಕೊಂತೀನಿ."

ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ಆದರೆ ಆಣೆ ಆಣೆಯೇ. ಅದೇ ವೀರಾವೇಶದಲ್ಲಿ ಮರುವಾರ ಗೋವಿನಕೋವಿಗೆ ಹೋಗಿ ಒಂದು ನಾಯಿಮರಿ ತಂದರು. ಟೈಗರ್ ಎಂದು ಹೆಸರಿಟ್ಟರು. ನನ್ನಿಂದಲೇ ಅದಕ್ಕೊಂದು ಖಾಕಿ ಪಟ್ಟಿ ಹೊಲಿಸಿದರು. ಟೈಗರ್ ಮೂರು ದಿನ ಇತ್ತು. ನಾಲ್ಕನೆಯ ದಿನ ಕಟುಕರ ಅಂಗಡಿಯ ವಾಸನೆ ಹಿಡಿದು ಹೋದದ್ದು ಅಲ್ಲೇ ನೆಲೆ ನಿಂತಿತು. ದಫೇದಾರರು ಹೋಗಿ ಕರೆದರೆ ಇವರು ಯಾರೋ ಎಂಬಂತೆ ನೋಡಿ ಮುಖ ತಿರುಗಿಸಿತಂತೆ. ಅವರು ವಾಪಸು ಬಂದು ಕೂತರು. "ಯಾಕೆ ದಫೇದಾರ್ರೆ, ಟೈಗರ್ ಬರಲಿಲ್ಲೇನು?" ಎಂದು ಕೇಳಿದೆ. "ಅಲ್ಲಿ ಕಾವಲಿಗೆ ಹಾಕೀನಿ" ಎಂದರು.

ಆ ಮಳೆಗಾಲ ಕಳೆದ ಮೇಲೆ ಕೇಡಿ ಎಲ್ಲಿಯೋ ಕಾಣದಾಯಿತು. ಹೆರಿಗೆಗೆ ಹೋಗಿರಬೇಕು ಎಂದಳು ನಮ್ಮಮ್ಮ. ಅವಳು ಹೇಳಿದ್ದು ನಿಜವಾಗಿತ್ತು. ಹೆರಿಗೆ ಆದದ್ದು ದಫೇದಾರರ ಅಟ್ಟದ ಮೇಲೆ, ಅವರು ಜೋಪಾನವಾಗಿ ಮಡಿಸಿಟ್ಟಿದ್ದ ಹಳೆಯ ಖಾಕಿ ಕೋಟಿನ ಮೇಲೆ. ಇದನ್ನೆಲ್ಲ ಅಕ್ಕ ನನಗೆ ಆಮೇಲೆ ಹೇಳಿದ್ದು. ನಾಲ್ಕು ಮರಿ. ದಫೇದಾರರು ಕೋಲು ತೆಗೆದುಕೊಂಡು ಅಟ್ಟ ಹತ್ತಿದರಂತೆ. ಅಕ್ಕ ಏಣಿಯ ಬುಡದಲ್ಲಿ ನಿಂತು ಒಂದೇ ಮಾತು ಹೇಳಿದರಂತೆ: "ಬಾಣಂತಿನ ಹೊರಗೆ ಹಾಕಿದ ಮನಿ ಅನ್ನಿಸ್ಕೊಳ್ಳೋದು ನಂಗೆ ಬ್ಯಾಡ." ಕೋಲು ಕೆಳಗೆ ಬಂತು, ಹಿಂದೆಯೇ ದಫೇದಾರರೂ ಬಂದರು.

ತಾಯಿ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗಿಸುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ಬಲ್ಲ ವಿಷಯ. ದಫೇದಾರರು ಅದನ್ನೇ ನೆಚ್ಚಿಕೊಂಡರು. ಇವತ್ತಲ್ಲ ನಾಳೆ ತಾನೇ ಎತ್ತಿಕೊಂಡು ಹೋಗುತ್ತದೆ, ಅಲ್ಲಿಯವರೆಗೆ ಇದು ಸಾಕಿದ್ದಲ್ಲ, ಲಾಕಪ್ಪಿನಲ್ಲಿ ಇಟ್ಟದ್ದು ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಆರನೆಯ ದಿನ ಕೇಡಿ ಒಂದು ಮರಿಯನ್ನು ಕಚ್ಚಿಕೊಂಡು ಹಿತ್ತಲ ಗೋಡೆ ಹಾರಿಯೇಬಿಟ್ಟಿತು. ಬೇಕಾದದ್ದೇ ಆಯಿತಲ್ಲ, ಸುಮ್ಮನಿರಬಹುದಿತ್ತು. ಆ ಮನುಷ್ಯ ರುಮಾಲು ಬಿಚ್ಚಿ ಹಿಡಿದುಕೊಂಡು ಗೋಡೆ ಹತ್ತಿ, ಪಕ್ಕದವರ ಸೌದೆ ಕೊಟ್ಟಿಗೆಯಲ್ಲಿ ಹುಡುಕಿ, ಮರಿಯನ್ನು ರುಮಾಲಿನಲ್ಲಿ ಕಟ್ಟಿಕೊಂಡು ವಾಪಸು ತಂದರಂತೆ. "ಯಾಕ್ರಿ, ಹೋಗ್ಲಿ ಅಂತಿದ್ರಲ್ಲ" ಎಂದು ಅಕ್ಕ ಕೇಳಿದರೆ, "ಲಾಕಪ್ಪಿನಿಂದ ಓಡಿಹೋದ್ರೆ ಯಾರು ಜವಾಬ್ದಾರಿ?" ಎಂದರಂತೆ. ಅಲ್ಲಿಂದಾಚೆಗೆ ಕೇಡಿ ಮನೆ ಬದಲಾಯಿಸುವ ಯೋಚನೆ ಬಿಟ್ಟಿತು.

ನನಗೆ ಯಾರೂ ಹೇಳದೆಯೇ ಸುಳಿವು ಸಿಕ್ಕಿತ್ತು. ದಫೇದಾರರು ಒಂದು ದಿನ ಪಂಚೆಯೊಂದನ್ನು ರಫೂ ಮಾಡಲು ಕೊಟ್ಟರು. ತೊಡೆಯ ಭಾಗದಲ್ಲಿ ಸಣ್ಣ ಸಣ್ಣ ನೂಲು ಎಳೆದು ಎದ್ದಿತ್ತು, ಹತ್ತಾರು ಕಡೆ. ನಾಯಿ ಬಟ್ಟೆ ಹಿಡಿದರೆ ಹರಿಯುತ್ತದೆ, ಮುಳ್ಳು ತಾಗಿದರೆ ಸೀಳುತ್ತದೆ. ಹೀಗೆ ನೂಲೆಳೆದು ಬಿಡುವ ಪ್ರಾಣಿ ಜಗತ್ತಿನಲ್ಲಿ ಒಂದೇ.

"ಇದೇನು ದಫೇದಾರ್ರೆ?" ಎಂದೆ.

"ಜಾಲಿ ಮುಳ್ಳು."

"ಕುಂತಾಗ ತೊಡಿ ಮ್ಯಾಲೇ ತಾಗ್ತೈತಲ್ಲ ಈ ಜಾಲಿ?"

"ನಿಂದು ಹೊಲಿಯೋ ಕೆಲಸ, ಹೊಲಿ" ಎಂದರು.

ಅಷ್ಟರಲ್ಲಿ ಒಳಗಿನಿಂದ ಮಿಯಾವ್ ಎಂದು ಕೇಳಿಸಿತು. ದಫೇದಾರರು ಜೋರಾಗಿ ಕೆಮ್ಮಿದರು. "ಬಾಗಿಲು ಕಿರುಗುಡ್ತೈತೆ" ಎಂದರು. ನಾನು ಮಿಷನ್ನಿನ ಎಣ್ಣೆ ಡಬ್ಬಿ ತೆಗೆದುಕೊಂಡು ಎದ್ದೆ. "ಒಂದು ಹನಿ ಬಿಟ್ಟು ಬರ್ತೀನಿ ಬಿಡ್ರಿ." ಅವರು ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಹೀಗೆ ಎರಡು ತಿಂಗಳು ನಾನು ಅವರನ್ನು ಗೋಳು ಹೊಯ್ದುಕೊಂಡೆ. ದಿನಕ್ಕೊಮ್ಮೆಯಾದರೂ, "ಮೀಸೆ ಭಾಳ ಚಂದ ಐತೆ ದಫೇದಾರ್ರೆ" ಎನ್ನದೆ ಬಿಡುತ್ತಿರಲಿಲ್ಲ. ಪಾಪ, ಅವರ ಕೈ ತಟ್ಟನೆ ಮೀಸೆಗೆ ಹೋಗುತ್ತಿತ್ತು.

ಒಮ್ಮೆ ಅಳತೆಯ ಟೇಪನ್ನು ಜಗಲಿಯಲ್ಲೇ ಮರೆತಿದ್ದೆನೆಂದು, ಹತ್ತಿರದ ದಾರಿ ಹಿಡಿದು ಹಿತ್ತಲ ಕಡೆಯಿಂದ ಹೋದೆ. ದಫೇದಾರರು ಕಲ್ಲಿನ ಮೇಲೆ ಕೂತಿದ್ದರು. ಮುಂದೆ ನಾಲ್ಕು ಮರಿಗಳು. "ಅಟೆನ್‌ಶನ್!" ಎಂದು ಮೆಲ್ಲಗೆ ಕೂಗಿದರು, ಕೇರಿಗೆ ಕೇಳಿಸಬಾರದಲ್ಲ. ಮರಿಗಳಿಗೆ ಹೆಸರಿರಲಿಲ್ಲ, ತಮ್ಮ ಜತೆಗಿದ್ದ ಹಳೆಯ ಕಾನ್‌ಸ್ಟೇಬಲ್ಲುಗಳ ನಂಬರು ಕೊಟ್ಟಿದ್ದರು. "ಇನ್ನೂರ ಹನ್ನೆರಡು, ಸಾಲಿನಾಗೆ ನಿಂತ್ಕೊ!" ಇನ್ನೂರ ಹನ್ನೆರಡು ಎಂಬ ಬಿಳಿ ಮರಿ ಅವರ ಪಂಚೆ ಹಿಡಿದು ಮೇಲೇರಿ, ಎದೆ ದಾಟಿ, ಹೆಗಲ ಮೇಲೆ ನಿಂತು, ಮೀಸೆಯ ತುದಿಯನ್ನು ಎರಡು ಕೈಯಲ್ಲೂ ಹಿಡಿದು ಜಗ್ಗತೊಡಗಿತು. ಊರಿಗೆ ಊರೇ ಹೆದರುತ್ತಿದ್ದ ಆ ಮೀಸೆ! ದಫೇದಾರರು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂತಿದ್ದರು. ನೋವಾಗುತ್ತಿತ್ತು, ಆದರೆ ಕೈಯೆತ್ತಿ ಬಿಡಿಸಲಿಲ್ಲ. ನಾನು ಟೇಪು ತೆಗೆದುಕೊಳ್ಳದೆ ಹಾಗೇ ಹಿಂದೆ ಬಂದೆ. ಅವತ್ತಿನಿಂದ ನನಗೆ ಅವರು ನಿಜವಾಗಿ ಇಷ್ಟವಾದರು. ಗೋಳು ಹೊಯ್ಯುವುದನ್ನೇನೂ ಬಿಡಲಿಲ್ಲ.

ಮರಿಗಳು ಬೆಳೆದವು. ಮಂಡಕ್ಕಿ ಇದ್ದಲ್ಲಿ ಇಲಿಗಳಿಗೇನು ಬರ? ಐದೂ ಸೇರಿ ಬೇಟೆ ಶುರುಮಾಡಿದವು. ಹಿಡಿದ ಇಲಿಯನ್ನು ತಂದು ದಫೇದಾರರ ಮಂಚದ ಪಕ್ಕ ಸಾಲಾಗಿ ಇಟ್ಟು, ಅವರು ಏಳುವವರೆಗೆ ಕಾದು ಕೂರುತ್ತಿದ್ದವಂತೆ. ಅವರಿಗೆ ಒಳಗೊಳಗೇ ಹೆಮ್ಮೆ. ಆದರೆ ಸಾಕ್ಷಿ ಉಳಿಯಬಾರದು. ಲಾಂದ್ರ ಒರೆಸಲು ಎಂದು ನನ್ನಿಂದ ತುಂಡು ಬಟ್ಟೆಗಳನ್ನು ಇಸಿದುಕೊಂಡಿದ್ದರು. ಅವುಗಳಲ್ಲಿ ಇಲಿಯನ್ನು ಹಿಡಿದು, ಕೇರಿ ಏಳುವ ಮೊದಲೇ ಪಕ್ಕದ ಗೋಡೆಯಾಚೆ ಸಂದಿಗೆ ಒಗೆದುಬಿಡುತ್ತಿದ್ದರು. ಬೆಳಕು ಹರಿಯುತ್ತಲೇ ಕಾಗೆಗಳು ಎತ್ತಿಕೊಂಡು ಹೋಗುತ್ತಿದ್ದವು. ಮೂವತ್ತು ವರ್ಷ ಪೊಲೀಸಿನಲ್ಲಿದ್ದವರು ಸಾಕ್ಷಿ ಮುಚ್ಚುವುದನ್ನು ಎಲ್ಲಿ ಕಲಿತರೋ ಕೇಳಬೇಡಿ.

ಆ ಚಳಿಗಾಲದಲ್ಲೇ ಹೊಳೆಯಾಚೆಯ ಒಂದೆರಡು ಊರುಗಳಲ್ಲಿ ಇಲಿ ಬಿದ್ದಿವೆ ಎಂಬ ಸುದ್ದಿ ಬಂತು. ಇಲಿ ಬಿತ್ತು ಎಂದರೆ ಆ ಕಾಲದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲು ಇಲಿ ಸಾಯುತ್ತದೆ, ಹಿಂದೆಯೇ ಮನುಷ್ಯರಿಗೆ ಗಡ್ಡೆ ಏಳುತ್ತದೆ. ಪ್ಲೇಗಿಗೆ ಜನ ಕಂಡ ಮದ್ದು ಒಂದೇ: ಸತ್ತ ಇಲಿ ಕಂಡ ಕೂಡಲೇ ಅದನ್ನು ಮುಟ್ಟದೆ, ಮನೆಗೆ ಬೀಗ ಹಾಕಿ, ಊರ ಹೊರಗೆ ಹೊಲದಲ್ಲಿ ಗುಡ್ಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು. ತಮಟೆ ಬಡಿದು ಹಾಗೆಂದು ಸಾರಿಯೂ ಹೋಗಿದ್ದರು. ಕೇರಿಯವರ ಜೀವ ಕೈಯಲ್ಲಿತ್ತು. ದಫೇದಾರರ ಬೆಕ್ಕುಗಳಿಗೆ ತಮಟೆ ಅರ್ಥವಾಗಿರಲಿಲ್ಲ, ಅಷ್ಟೇ.

ಒಂದು ಬೆಳಿಗ್ಗೆ ನಾನು ಮಿಷನ್ನಿನ ಹೊದಿಕೆ ಬಿಚ್ಚಲು ಹೋದರೆ ಕೇರಿಗೆ ಕೇರಿಯೇ ಊರು ಬಿಡಲು ಹೊರಟು ನಿಂತಿತ್ತು. ಆ ರಾತ್ರಿಯ ಬೇಟೆ ಜೋರಿದ್ದಿರಬೇಕು, ದಫೇದಾರರು ಒಗೆದದ್ದು ಐದೋ ಆರೋ. ಕಾಗೆಗಳು ಕಚ್ಚಿ ಜಗಳವಾಡಿ ಅಲ್ಲೊಂದು ಇಲ್ಲೊಂದು ಬೀಳಿಸಿದ್ದವು. ಶೆಟ್ಟರ ಹೊಸ್ತಿಲ ಮೇಲೆ ಒಂದು, ಬಾವಿಯ ಹತ್ತಿರ ಒಂದು, ನನ್ನ ಮಿಷನ್ನಿನ ಕೆಳಗೇ ಒಂದು. ಯಾರೂ ಹತ್ತು ಮಾರು ಹತ್ತಿರ ಹೋಗುತ್ತಿರಲಿಲ್ಲ. ಹೆಂಗಸರು ಅಳುತ್ತಾ ಪಾತ್ರೆ ಪಡಗ ಕಟ್ಟುತ್ತಿದ್ದರು. ಮೂರು ಗಾಡಿ ಹೂಡಿ ನಿಂತಿದ್ದವು, ಶೆಟ್ಟರದೇ ಮೊದಲನೆಯದು. ಅವರ ಮಗಳು ಹೆರಿಗೆಗೆಂದು ಬಸವಾಪಟ್ಟಣದಿಂದ ಬಂದಿದ್ದಳು, ದಿನ ತುಂಬಿತ್ತು. ಅವಳನ್ನು ನಾಲ್ಕು ಜನ ಹಿಡಿದು ಗಾಡಿ ಹತ್ತಿಸುತ್ತಿದ್ದರು. ಸೂಲಗಿತ್ತಿ ಅಡ್ಡ ನಿಂತು ಗೋಗರೆಯುತ್ತಿದ್ದಳು: "ಈ ಕುಲುಕಾಟಕ್ಕೆ ಹಾದ್ಯಾಗೇ ಹೆರಿಗೆ ಆಗ್ತೈತ್ರೀ. ಹೊಲದಾಗೆ ಈ ಚಳ್ಯಾಗೆ ತಾಯೀನೂ ಉಳಿಯಾಕಿಲ್ಲ, ಕೂಸೂ ಉಳಿಯಾಕಿಲ್ಲ." ಶೆಟ್ಟರ ಮುಖದಲ್ಲಿ ರಕ್ತವಿರಲಿಲ್ಲ. "ಇಲ್ಲಿದ್ರೆ ಮನಿಗೆ ಮನೀನೇ ಹೋಗ್ತೈತಲ್ಲವ್ವ, ನಾ ಏನು ಮಾಡ್ಲಿ?" ಎಂದರು.

ನಾನು ಮಿಷನ್ನಿನ ಕೆಳಗೆ ಬಗ್ಗಿ ನೋಡಿದೆ. ಇಲಿಯ ಕತ್ತಿನಲ್ಲಿ ಹಲ್ಲು ಹೊಕ್ಕ ಗುರುತಿತ್ತು. ಅದರ ಕಾಲಿಗೆ ನೇರಳೆ ಹೂವಿನ ಅಚ್ಚಿದ್ದ ಚೀಟಿ ಬಟ್ಟೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಆ ಬಟ್ಟೆ ನನಗೆ ಗೊತ್ತು. ಶೆಟ್ಟರ ಇದೇ ಮಗಳ ಕುಪ್ಪಸ ಹೊಲಿದು ಉಳಿದದ್ದು, ಹೋದ ವಾರ ದಫೇದಾರರಿಗೆ ಕೊಟ್ಟದ್ದು. ಕೋಲಿನಿಂದ ಅದನ್ನು ಬಿಡಿಸಿ, ಕೋಲಿನ ತುದಿಯಲ್ಲೇ ಹಿಡಿದುಕೊಂಡು ಹೋದೆ. ದಫೇದಾರರು ತಮ್ಮ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದರು.

"ಇದು ಲಾಂದ್ರ ಒರೆಸಿದ ಬಟ್ಟೀನಾ ದಫೇದಾರ್ರೆ?"

ಅವರು ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಕೈ ಮೀಸೆಗೆ ಹೋಯಿತು. "ಎಲ್ಲಾರ್ಗೂ ಹೇಳ್ತೀಯೇನೋ?" ಎಂದರು. ಆ ದನಿ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಎರಡು ತಿಂಗಳಿಂದ ನಾನು ಕಾದಿದ್ದದ್ದು ಈ ಗಳಿಗೆಗೇ. ಈಗ ಬಂದಾಗ ಒಂದಿಷ್ಟೂ ಖುಷಿಯಾಗಲಿಲ್ಲ. "ನಾ ಹೇಳಾಕಿಲ್ಲ. ಮೀಸೆ ನಿಮ್ದು. ಆದ್ರೆ ಗಾಡಿ ಹೊಂಟೈತೆ ನೋಡ್ರಿ" ಎಂದೆ.

ಅವರು ಒಳಗೆ ಹೋದರು. ಬಾಗಿಲು ಹಾಕಿಕೊಂಡರು ಎಂದುಕೊಂಡೆ. ಇಲ್ಲ, ಬಂದರು. ಹೆಗಲ ಮೇಲೆ ಇನ್ನೂರ ಹನ್ನೆರಡು, ಕಂಕುಳಲ್ಲಿ ಎರಡು, ಕಾಲ ಬಳಿ ಒಂದು, ಹಿಂದೆ ಮೋಟು ಬಾಲ ಎತ್ತಿಕೊಂಡು ಕೇಡಿ. ಕೇರಿಯ ನಡುವೆ ಶೆಟ್ಟರ ಗಾಡಿಗೆ ಅಡ್ಡಲಾಗಿ ನೆಟ್ಟಗೆ ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವವರ ಹಾಗೆ ಹೇಳಿದರು:

"ಎಲ್ರೂ ಕೇಳ್ರಿ. ಇಲಿ ಬಿದ್ದಿಲ್ಲ. ನನ್ನ ಬೆಕ್ಕು ಹಿಡಿದ ಇಲಿ ಇವು. ಬೆಳಗಿನ ಜಾವ ಗೋಡೆ ಆಚೆ ಒಗೆದೋನು ನಾನೇ. ತಪ್ಪು ನಂದೇ. ಯಾರೂ ಊರು ಬಿಡಬ್ಯಾಡ್ರಿ."

ಶೆಟ್ಟರು ಕೈಮುಗಿದರು. "ದಫೇದಾರ್ರೆ, ನೀವು ದೊಡ್ಡೋರು. ನಮಗೆ ಧೈರ್ಯ ಹೇಳಾಕೆ ಇಂಥ ಸುಳ್ಳು ಹೇಳಬ್ಯಾಡ್ರಿ. ನಿಮಗೆ ಬೆಕ್ಕು ಅಂದ್ರೆ ಆಗಾಕಿಲ್ಲ, ನೀವು ನಾಯಿ ಮಂದಿ ಅಂತ ಊರಿಗೆಲ್ಲ ಗೊತ್ತೈತೆ."

"ಸರ್ಕಾರದ ಅನ್ನ ಉಂಡೋರು, ಹಂಗೇ ಹೇಳ್ತಾರೆ. ಯಾರದೋ ಬೆಕ್ಕು ಹಿಡ್ಕೊಂಡು ಬಂದಾರೆ" ಎಂದ ಒಬ್ಬ ಗಾಡಿಯವನು.

ನಾನು ಮುಂದೆ ಬಂದು ಬಟ್ಟೆಯ ಚೂರು ತೋರಿಸಿದೆ, ಹಲ್ಲಿನ ಗುರುತಿನ ಮಾತು ಹೇಳಿದೆ. "ನೀನು ಅವರ ಜಗಲಿ ಮ್ಯಾಲೆ ಕೂರೋನು, ಅವರು ಹೇಳಿದಂಗೆ ಹೇಳ್ತೀಯ" ಎಂದು ಬಾಯಿ ಮುಚ್ಚಿಸಿದರು. ವರ್ಷಗಟ್ಟಲೆ ಕೂತು ಕಟ್ಟಿದ ನಾಯಿಯ ಕತೆಗಳೆಲ್ಲ ಅವತ್ತು ಅವರ ಎದುರೇ ನಿಂತಿದ್ದವು. ಬಣ್ಣ ಬದಲಾಯಿಸುವ ನಾಯಿಯನ್ನು ನಂಬಿದ್ದ ಜನ, ಕಣ್ಣೆದುರಿಗಿದ್ದ ಐದು ಬೆಕ್ಕುಗಳನ್ನು ನಂಬಲಿಲ್ಲ. ಗಾಡಿಯವನು ಎತ್ತಿನ ಹಗ್ಗ ಎತ್ತಿಕೊಂಡ. ಒಳಗೆ ಶೆಟ್ಟರ ಮಗಳು ನರಳಿದಳು.

ದಫೇದಾರರು ಬೆಕ್ಕುಗಳನ್ನು ಕೆಳಗಿಟ್ಟರು. ನೇರ ಬಂದು ನನ್ನ ಮಿಷನ್ನಿನ ಸ್ಟೂಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೂತರು.

"ಬಾಷಾ, ಕತ್ತರಿ ಕೊಡು."

ನಾನೊಬ್ಬ ಮೂರ್ಖ. ಅಂಥ ಹೊತ್ತಿನಲ್ಲೂ ಕಸುಬಿನ ಬುದ್ಧಿ ಬಿಡಲಿಲ್ಲ. "ಬಟ್ಟೆ ಕತ್ತರಿ ದಫೇದಾರ್ರೆ, ಕೂದಲಿಗೆ ಹಾಕಿದ್ರೆ ಮೊಂಡಾಗ್ತೈತೆ" ಎಂದುಬಿಟ್ಟೆ.

"ನನ್ನ ಮೀಸೆಗಿಂತ ದೊಡ್ಡದೇನೋ ನಿನ್ನ ಕತ್ತರಿ?"

ಕೊಟ್ಟೆ. ಎಡಗೈಯಲ್ಲಿ ಮೀಸೆಯ ಎಡ ತುದಿಯನ್ನು ಹಿಡಿದರು. ಕತ್ತರಿ ದೊಡ್ಡದು, ಮೀಸೆ ದಪ್ಪ, ಒಂದೇ ಸಲಕ್ಕೆ ಆಗಲಿಲ್ಲ. ಕರಕ್ ಕರಕ್ ಎಂದು ಮೂರು ಸಲ ಹಾಕಬೇಕಾಯಿತು. ಆಮೇಲೆ ಬಲಗಡೆ. ನನ್ನ ಕಾಲ ಬಳಿ ಬಿದ್ದದ್ದನ್ನು ಇನ್ನೂರ ಹನ್ನೆರಡು ಬಂದು ಮೂಸಿ ಕೈಯಾಡಿಸಿತು. ಅದಕ್ಕೆ ಆಟ. ಕೇರಿಯಲ್ಲಿ ಒಬ್ಬರೂ ನಗಲಿಲ್ಲ. ನಾನಂತೂ ತಲೆಯೆತ್ತಲಿಲ್ಲ.

"ಈಗ ನಂಬ್ತೀರೇನ್ರೀ?" ಎಂದರು ದಫೇದಾರರು.

ಶೆಟ್ಟರು ಆ ಅಂಕುಡೊಂಕು ತುಟಿಯನ್ನು ನೋಡುತ್ತಾ ನಿಂತರು. ಅವರ ಕಣ್ಣು ತುಂಬಿತು. ಗಾಡಿಯವನ ಕಡೆ ತಿರುಗಿ, "ಎತ್ತು ಬಿಚ್ಚಪ್ಪ" ಎಂದರು. ಹಿಂದಿನ ಎರಡು ಗಾಡಿಯವರೂ ಕೇಳದೆಯೇ ನೊಗ ಇಳಿಸಿದರು.

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದರು. ಗಂಡನ ಮೇಲ್ತುಟಿಯನ್ನು ಮದುವೆಯಾದಂದಿನಿಂದ ಅವರು ಕಂಡೇ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಇಷ್ಟೇ ಏನ್ರೀ ಅದರ ಕೆಳಗಿದ್ದದ್ದು?" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಮೊದಲು ನಕ್ಕವರು ದಫೇದಾರರೇ. ಆಮೇಲೆ ಕೇರಿಗೆ ಕೇರಿಯೇ ನಕ್ಕಿತು. ಹೆದರಿ ಸತ್ತಿದ್ದ ಜನ, ಅತ್ತುಕೊಂಡೇ ನಕ್ಕರು.

ಶೆಟ್ಟರ ಮಗಳನ್ನು ಮೆಲ್ಲಗೆ ಇಳಿಸಿದರು. ತಾಯಿಯ ಹೆಗಲು ಹಿಡಿದುಕೊಂಡು ಮನೆಯ ಕಡೆ ಎರಡು ಹೆಜ್ಜೆ ಹಾಕಿದವಳು, ಜಗಲಿಯ ಮುಂದೆ ನಿಂತಳು. ದಫೇದಾರರ ತೊಡೆಯ ಮೇಲೆ ಆಗಲೇ ಬಿಳಿ ಮರಿ ಹತ್ತಿ ಕೂತಿತ್ತು.

"ಕಾಕಾ, ನನ್ನ ಕೂಸಿಗೆ ಇದೊಂದು ಮರಿ ಕೊಡ್ರಿ" ಎಂದಳು.

ದಫೇದಾರರು ಎರಡೂ ಕೈಯಿಂದ ಮರಿಯನ್ನು ಎದೆಗೆ ಒತ್ತಿ ಹಿಡಿದುಕೊಂಡರು.

"ಬೆಕ್ಕು ಯಾಕವ್ವ ನಿಂಗೆ?" ಎಂದರು. "ನಾಯಿಮರಿ ತಂದು ಕೊಡ್ತೀನಿ. ಎಷ್ಟು ಬೇಕಾದ್ರೂ ಕೇಳು."